ಬಾಡಿಗೆದಾರರ ಸಮೇತ ಮನೆ ಕೊಳ್ಳುವುದು ಹೇಗೆ?

ಬೆಂಗಳೂರಿನಲ್ಲಿ 30×40 ಅಡಿ ಸೈಟಿನ ನಾಲ್ಕು ಮನೆಗಳ ಬಿಲ್ಡಿಂಗ್ ತೋರಿಸುವ ಬ್ರೋಕರ್, 'ತಿಂಗಳಿಗೆ 80 ಸಾವಿರ ಬಾಡಿಗೆ ಬರುತ್ತೆ ಸಾರ್' ಅನ್ನುತ್ತಾನೆ. ಟೋಕನ್ ಕೊಡುವ ಮೊದಲು ಆ ನಾಲ್ಕೂ ಮನೆಯ ಬಾಗಿಲು ತಟ್ಟಿ. ಮಾಲೀಕರ ಜೊತೆ ಒಮ್ಮೆ, ಅವರಿಲ್ಲದಾಗ ಇನ್ನೊಮ್ಮೆ.

ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಯಾವಾಗಿನಿಂದ ಇದ್ದಾರೆ, ಯಾವ ತಿಂಗಳವರೆಗೆ ಕೊಟ್ಟಿದ್ದಾರೆ ಎಂದು ಪ್ರತಿಯೊಬ್ಬರಿಂದಲೂ ಬರೆಸಿ ಸಹಿ ಹಾಕಿಸಿಕೊಳ್ಳಿ. ಕರಾರುಪತ್ರದ ನಕಲೂ ಬೇಕು. ಕೆಳಮನೆಯವರು '10 ಲಕ್ಷ ಕೊಟ್ಟು ಭೋಗ್ಯಕ್ಕಿದ್ದೀವಿ' ಅಂದರೆ ಅಲ್ಲಿಂದ ಬಾಡಿಗೆಯೇ ಇಲ್ಲ. 80 ಸಾವಿರ ಎಂದದ್ದು 60ಕ್ಕೆ ಇಳಿಯಿತು, ಮೇಲೆ 10 ಲಕ್ಷದ ಹೊರೆ. ನೋಂದಣಿಯಾಗದ ಭೋಗ್ಯ ಇಸಿಯಲ್ಲಿ (ಆಸ್ತಿಯ ಋಣಭಾರ ಪ್ರಮಾಣಪತ್ರ) ಕಾಣುವುದಿಲ್ಲ. ನನಗೆ ಗೊತ್ತಿರಲಿಲ್ಲ ಎಂದರೂ ನಡೆಯದು: ಮನೆಯಲ್ಲಿ ವಾಸವಿರುವವರ ಹಕ್ಕು ಕೊಳ್ಳುವವರಿಗೆ ತಿಳಿದಿದೆ ಎಂದೇ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಎಣಿಸುತ್ತದೆ.

ಆಮೇಲೆ ಲೆಕ್ಕ. ಉಳಿದ ಮೂವರ ಅಡ್ವಾನ್ಸ್ ತಲಾ ಒಂದೂವರೆ ಲಕ್ಷವಾದರೆ ಒಟ್ಟು ಹದಿನಾಲ್ಕೂವರೆ ಲಕ್ಷ. ಮುಂದೆ ಇದನ್ನು ವಾಪಸ್ ಕೊಡಬೇಕಾದವರು ನೀವೇ. ಹಾಗಾಗಿ ಮಾರುವವರಿಗೆ ಕೊಡುವ ಹಣದಲ್ಲಿ ಅಷ್ಟನ್ನು ಹಿಡಿದುಕೊಳ್ಳಿ. ಕ್ರಯಪತ್ರದಲ್ಲಿ ಮಾತ್ರ ಪೂರ್ತಿ ಬೆಲೆಯೇ ಇರಲಿ. ಯಾರ ಅಡ್ವಾನ್ಸ್ ಎಷ್ಟು ಹಿಡಿದಿದ್ದೀರಿ ಎಂಬುದನ್ನು ಹೆಸರು ಸಮೇತ ಬರೆಸಿ. 'ಅಡ್ವಾನ್ಸ್ ನಾನೇ ಸೆಟ್ಲ್ ಮಾಡ್ತೀನಿ ಬಿಡಿ' ಎಂಬ ಬಾಯಿಮಾತನ್ನು ನಾನಂತೂ ಒಪ್ಪುವುದಿಲ್ಲ. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಪೂರ್ತಿ ಬೆಲೆಯ ಮೇಲೆ ಶೇ 1 ಟಿಡಿಎಸ್ (ಮಾರುವವರ ಪರವಾಗಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಕಡಿತ ನಿಮ್ಮ ಹೊಣೆ. ಮಾರುವವರು ಎನ್‌ಆರ್‌ಐ ಆಗಿದ್ದರೆ ನಿಯಮವೇ ಬೇರೆ, ಆಡಿಟರ್ ಬಳಿ ಹೋಗಿ.

ಒಂದು ಮನೆಯಲ್ಲಿ ನೀವೇ ಇರಬೇಕೆಂದಿದ್ದರೆ ಅದನ್ನು ಖಾಲಿ ಮಾಡಿಸಿಕೊಡುವ ಷರತ್ತನ್ನು ಅಗ್ರಿಮೆಂಟ್‌ನಲ್ಲೇ ಹಾಕಿಸಿ, ಖಾಲಿಯಾದ ಮೇಲೇ ರಿಜಿಸ್ಟ್ರೇಷನ್‌ಗೆ ಹೋಗಿ. ಮಾಲೀಕರು ಬದಲಾದ ಮಾತ್ರಕ್ಕೆ ಬಾಡಿಗೆದಾರರು ಎದ್ದು ಹೋಗಬೇಕಿಲ್ಲ. ನೋಟಿಸ್ ಕೊಟ್ಟೂ ಬಿಡದಿದ್ದರೆ ಕೋರ್ಟೇ ಗತಿ. ಬೀಗ ಹಾಕುವುದು, ಕರೆಂಟ್ ಕೀಳಿಸುವುದು ನಿಮ್ಮ ಮೇಲೇ ಕೇಸಾಗುವ ದಾರಿ.

ರಿಜಿಸ್ಟ್ರೇಷನ್ ಆದ ದಿನವೇ ಹಳೆ–ಹೊಸ ಮಾಲೀಕರಿಬ್ಬರೂ ಸಹಿ ಮಾಡಿದ ಪತ್ರವನ್ನು ಪ್ರತಿ ಮನೆಗೂ ಕೊಟ್ಟು, ನಕಲಿನ ಮೇಲೆ ಸಹಿ ಪಡೆಯಿರಿ. ಬಾಡಿಗೆ ಹಾಕಬೇಕಾದ ಖಾತೆಯ ವಿವರ ಅದರಲ್ಲಿರಲಿ. ಮಾರಾಟದ ಸುದ್ದಿ ತಿಳಿಯದೆ ಹಳೆ ಮಾಲೀಕರಿಗೇ ಬಾಡಿಗೆ ಕಟ್ಟಿದವರನ್ನು ಮತ್ತೆ ಕೇಳುವಂತಿಲ್ಲ. ಹಿಂದಿನ ಬಾಕಿಯೂ, ಬೇರೆ ಒಪ್ಪಂದವಿಲ್ಲದಿದ್ದರೆ, ಹಳೆ ಮಾಲೀಕರದ್ದೇ.