ತುಂಗೆಯ ದಾರಿಯಲ್ಲಿ ಮಕ್ಕಳ ಜೊತೆ ಒಂದೊಂದು ಭಾನುವಾರ

ಶಿವಮೊಗ್ಗದಲ್ಲಿ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗೋಣ ಎಂದು ಯಾರನ್ನೇ ಕೇಳಿ, ಮೊದಲು ಬರುವ ಉತ್ತರ ಜೋಗ. ಸಣ್ಣ ಮಕ್ಕಳಿರುವವರಿಗೆ ನಾನು ಆ ಸಲಹೆ ಕೊಡುವುದಿಲ್ಲ. ಊರಿಂದ ಹತ್ತಿರ ಹತ್ತಿರ ನೂರು ಕಿಲೋಮೀಟರ್. ಮಳೆಗಾಲದಲ್ಲಿ ಹೋದರೆ 253 ಮೀಟರ್ ಎತ್ತರದ ಜಲಪಾತವನ್ನು ಮಂಜು ಪೂರ್ತಿ ಮುಚ್ಚಿರುತ್ತದೆ, ಬೇಸಿಗೆಯಲ್ಲಿ ಹೋದರೆ ಬಂಡೆಯ ಮೇಲೆ ಸಣ್ಣ ಬಿಳಿ ಗೆರೆ. ಐದು ವರ್ಷದ ಮಗು ಅದನ್ನು ಎರಡು ನಿಮಿಷ ನೋಡುತ್ತದೆ, ಆಮೇಲೆ ಖಾರ ಹಚ್ಚಿದ ಜೋಳದ ತೆನೆ ಕೇಳುತ್ತದೆ, ತೆನೆಯನ್ನು ಮಂಗ ಕಿತ್ತುಕೊಂಡು ಹೋದರೆ ಅಳುತ್ತದೆ. ರಾಜ, ರಾಣಿ, ರೋರರ್, ರಾಕೆಟ್ ಎಂದು ಬೆರಳು ಮಾಡಿ ಮೈಮರೆಯುವವರು ನಾವು ದೊಡ್ಡವರು.

ನಮ್ಮನೆಯಲ್ಲಿ ದೊಡ್ಡವಳು ನಾಲ್ಕನೇ ಕ್ಲಾಸು, ಚಿಕ್ಕವನು ಯುಕೆಜಿ. ಬೇಸಿಗೆ ರಜೆ, ದಸರಾ ರಜೆ ಬಂತೆಂದರೆ ಬೆಂಗಳೂರಿನಿಂದ ಅಣ್ಣನ ಮಕ್ಕಳೂ ಬರುತ್ತಾರೆ. ಬಂದ ದಿನ ಸಂಜೆಯೇ ಕೇಳುವುದು ಒಂದೇ: "ಅತ್ತೆ, ಇಲ್ಲಿ ಪ್ಲೇ ಏರಿಯಾ ಇರೋ ಮಾಲ್ ಇಲ್ವಾ?" ಇವರನ್ನೆಲ್ಲ ಹೊರಡಿಸಿ ಹೊರಡಿಸಿ ನಾನು ಮಾಡಿಕೊಂಡಿರುವ ಲೆಕ್ಕ ಇಷ್ಟು: ಒಂದು ದಿನಕ್ಕೆ ಒಂದೇ ಜಾಗ, ಒಂದು ಗಂಟೆಗಿಂತ ದೂರ ಬೇಡ, ಊಟದ ಹೊತ್ತಿಗೆ ಮನೆ. ಹೋದ ಜಾಗಕ್ಕೇ ಬೇರೆ ಬೇರೆ ಕಾಲದಲ್ಲಿ ಮತ್ತೆ ಮತ್ತೆ ಹೋಗುವುದು. ಹೊಸ ಹೊಸ ಜಾಗ ಬೇಕು ಅನ್ನಿಸುವುದು ದೊಡ್ಡವರಿಗೆ. ಮಕ್ಕಳಿಗೆ ಹೋದ ಸಲ ನೋಡಿದ ಆನೆ ಇನ್ನೂ ಅಲ್ಲೇ ಇದೆಯಾ ಎಂಬುದು ಮುಖ್ಯ.

ಈ ಲೆಕ್ಕಕ್ಕೆ ಹೇಳಿ ಮಾಡಿಸಿದ್ದು ತೀರ್ಥಹಳ್ಳಿ ರಸ್ತೆ. ಊರು ದಾಟಿದರೆ ಗಾಜನೂರು ಡ್ಯಾಮು, ಅದರ ಹಿನ್ನೀರಿನಲ್ಲಿ ಸಕ್ರೆಬೈಲು ಆನೆ ಬಿಡಾರ, ಇನ್ನೂ ಮುಂದೆ ಮಂಡಗದ್ದೆ. ಮೂರೂ ತುಂಗೆಯ ಮೇಲೆಯೇ.

ಸಕ್ರೆಬೈಲು ಊರಿಂದ ಹದಿನಾಲ್ಕು ಕಿಲೋಮೀಟರ್ ಆಸುಪಾಸು. ಬೆಳಿಗ್ಗೆ ಎಂಟೂವರೆಗೆ ಅಲ್ಲಿರಬೇಕು. ಹನ್ನೊಂದೂವರೆ ಹೊತ್ತಿಗೆ ನೋಡುವ ಸಮಯ ಮುಗಿಯುತ್ತದೆ. ಭಾನುವಾರ ಅಂತ ನಿಧಾನಕ್ಕೆ ಎದ್ದು, ಹೋಟೆಲಿನಲ್ಲಿ ದೋಸೆ ತಿಂದು, ಪೆಟ್ರೋಲ್ ಹಾಕಿಸಿಕೊಂಡು ಬಂದವರಿಗೆ ನೋಡಲು ಉಳಿದಿರುವುದು ಲದ್ದಿ. ನಾವು ಅವಲಕ್ಕಿ ಒಗ್ಗರಣೆ ಡಬ್ಬಿಗೆ ತುಂಬಿಕೊಂಡು, ಹಲ್ಲುಜ್ಜಿದ ಮುಖದಲ್ಲೇ ಮಕ್ಕಳನ್ನು ಹತ್ತಿಸಿಕೊಂಡು ಹೊರಡುತ್ತೇವೆ. ಸ್ನಾನ ವಾಪಸ್ ಬಂದ ಮೇಲೆ.

ಕಾಡಿಗೆ ಬಿಟ್ಟ ಆನೆಗಳನ್ನು ಮಾವುತರು, ಅವರ ಸಹಾಯಕರಾದ ಕಾವಾಡಿಗಳು ಬೆಳಗಾಗುತ್ತಲೇ ಹುಡುಕಿಕೊಂಡು ಹೋಗಿ ತರುತ್ತಾರೆ. ಕಾಲಿನ ಸರಪಳಿ ನೆಲದ ಮೇಲೆ ಎಳೆದುಕೊಂಡು ಹೋದ ಗುರುತು ಹಿಡಿದು ಹೋಗುತ್ತಾರೆ ಎಂದು ಹೇಳಿದರೆ ಮಕ್ಕಳಿಗೆ ಅದೇ ದೊಡ್ಡ ಪತ್ತೇದಾರಿ ಕಥೆ. ಆಮೇಲೆ ಹೊಳೆಯಲ್ಲಿ ಸ್ನಾನ. ಮಾವುತ ಒಂದು ಮಾತು ಹೇಳುತ್ತಾನೆ, ಆನೆ ನೀರಿನಲ್ಲಿ ಮಗ್ಗುಲಾಗುತ್ತದೆ. ಸೊಂಡಿಲ ತುದಿ ಮಾತ್ರ ನೀರಿನ ಮೇಲೆ, ಅದರಿಂದ ಬುಸ್ ಎಂದು ಉಸಿರು. ಮಾವುತ ಹೊಟ್ಟೆಯ ಮೇಲೆ ಹತ್ತಿ ಕಿವಿಯ ಹಿಂದೆ, ದವಡೆಯ ಸಂದಿಗೆ ಗಸಗಸ ಉಜ್ಜುತ್ತಾನೆ. ಒಂದು ಕಡೆ ಮುಗಿದ ಮೇಲೆ ಇನ್ನೊಂದು ಮಗ್ಗುಲು. ತಲೆಗೆ ನೀರು ಹಾಕಿದರೆ ಬೀದಿಗೆ ಕೇಳುವ ಹಾಗೆ ಕಿರುಚುವ ನಮ್ಮ ಚಿಕ್ಕವನು ಇದನ್ನು ಬಾಯಿ ಬಿಟ್ಟುಕೊಂಡು ನೋಡಿ ಕೇಳಿದ: "ಅಮ್ಮ, ಅದಕ್ಕೆ ಕಿವಿ ಒಳಗೆ ನೀರು ಹೋಗಲ್ವಾ?" ಪಕ್ಕದಲ್ಲಿದ್ದ ಕಾವಾಡಿ ನಕ್ಕು, "ಹೋಗುತ್ತೆ ಮರಿ, ಅದು ಅಳಲ್ಲ ಅಷ್ಟೇ" ಅಂದ.

ಸುಮ್ಮನೆ ನಿಂತು ನೋಡಿ ಎಂದರೆ ಮಕ್ಕಳು ಹತ್ತು ನಿಮಿಷಕ್ಕೆ ಮೊಬೈಲ್ ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಚ್ಚಬೇಕು. ಒಬ್ಬರು ಉಗುರು ಎಣಿಸಬೇಕು: ನಮ್ಮ ಆನೆಗಳಿಗೆ ಸಾಮಾನ್ಯವಾಗಿ ಮುಂಗಾಲಿಗೆ ಐದು, ಹಿಂಗಾಲಿಗೆ ನಾಲ್ಕು. ಎಣಿಸಿ ಮುಗಿಸುವಷ್ಟರಲ್ಲಿ ಆನೆ ಕಾಲು ಬದಲಿಸುತ್ತದೆ, ಮತ್ತೆ ಮೊದಲಿಂದ. ಇನ್ನೊಬ್ಬರು ಗಂಡು ಯಾವುದು, ಹೆಣ್ಣು ಯಾವುದು ಹೇಳಬೇಕು. ಹೆಣ್ಣಾನೆಗೆ ಉದ್ದ ದಂತ ಇರುವುದಿಲ್ಲ ಎಂಬುದು ಗೊತ್ತಾದ ಮೇಲೆ, ದಂತವಿಲ್ಲದ ಗಂಡೂ ಇರುತ್ತದೆ, ಅದಕ್ಕೆ ಮಕ್ನಾ ಎನ್ನುತ್ತಾರೆ ಎಂದು ಮಾವುತರೇ ಹೇಳಿ ಇವರ ಲೆಕ್ಕ ಕೆಡಿಸುತ್ತಾರೆ. ಫೋಟೋದಲ್ಲಿ ನುಣ್ಣಗೆ ಕಾಣುವ ಆನೆಯ ತಲೆಯ ಮೇಲೆ ಪಾತ್ರೆ ಉಜ್ಜುವ ಬ್ರಷ್ಷಿನಂಥ ಒರಟು ಕೂದಲು ನಿಂತಿರುವುದು ಅಲ್ಲಿಗೆ ಹೋದ ಮೇಲೆಯೇ ಕಾಣುವುದು. ಮೈ ಮುಟ್ಟುವುದಿದ್ದರೆ ಮಾವುತರು ಸರಿ ಎಂದ ಮೇಲೆ, ಅವರು ಹೇಳಿದ ಕಡೆಯಿಂದ ಮಾತ್ರ. ಮರಿಯಾನೆ ಇದ್ದರೆ ತಾಯಿಯ ಹತ್ತಿರ ಸುಳಿಯುವುದೇ ಬೇಡ.

ಬಿಡಾರಕ್ಕೆ ಹೋಗಿ ಬಂದ ಮಕ್ಕಳಿಗೆ ಊರಿನ ದಸರಾದ ರುಚಿಯೇ ಬೇರೆ. ಮೆರವಣಿಗೆಗೆ ಬರುವುದು ಇದೇ ಸಕ್ರೆಬೈಲಿನ ಆನೆಗಳು. ಅಂಬಾರಿ ಹೊತ್ತ ಸಾಗರನನ್ನು ನೋಡಿ ಉಳಿದವರು ಕೈ ಮುಗಿದರೆ ಇವರು ಹೆಸರು ಹಿಡಿದು ಕೂಗುತ್ತಾರೆ. 2023ರಲ್ಲಿ ದಸರಾಕ್ಕೆಂದು ಊರಿಗೆ ಬಂದಿದ್ದ ನೇತ್ರಾವತಿ ಮೆರವಣಿಗೆಗೆ ಮೊದಲೇ ಮರಿ ಹಾಕಿತಲ್ಲ, ಆ ಸುದ್ದಿ ನಮ್ಮನೆಯಲ್ಲಿ ಇವತ್ತಿಗೂ ಹಳತಾಗಿಲ್ಲ.

ಮಂಡಗದ್ದೆ ಮೂವತ್ತು ಕಿಲೋಮೀಟರ್. ಪಕ್ಷಿಧಾಮ ಎಂಬ ದೊಡ್ಡ ಹೆಸರು ಕೇಳಿ ಬರುವವರಿಗೆ ಮೊದಲು ನಿರಾಸೆಯಾಗುತ್ತದೆ, ಏಕೆಂದರೆ ಅದು ಹೊಳೆಯ ನಡುವಿನ ಒಂದು ಎಕರೆ ಚಿಲ್ಲರೆ ನಡುಗಡ್ಡೆ, ಅಷ್ಟೇ. ಮಕ್ಕಳಿಗೆ ಈ ಚಿಕ್ಕತನವೇ ಅನುಕೂಲ. ನಡೆಯುವುದಿಲ್ಲ, ಹತ್ತುವುದಿಲ್ಲ, ರಸ್ತೆ ಬದಿಯ ದಡದಿಂದಲೇ ಎಲ್ಲ ಕಾಣುತ್ತದೆ. ಜುಲೈನಿಂದ ಅಕ್ಟೋಬರ್ ಒಳಗೆ ಹೋಗಬೇಕು. ಹೊಳೆ ತುಂಬಿ ನಡುಗಡ್ಡೆಯ ಮರಗಳು ನೀರಿನಲ್ಲಿ ನಿಂತಿರುತ್ತವೆ, ಕೊಂಬೆ ಕೊಂಬೆಗೂ ಗೂಡು. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ, ಈ ಮೂರನ್ನು ಗುರುತಿಸಲು ಕಲಿತರೆ ಸಾಕು. ಬಿಳಿ ಇದ್ದರೆ ಬೆಳ್ಳಕ್ಕಿ. ಕಪ್ಪಗಿದ್ದು ರೆಕ್ಕೆ ಅಗಲಿಸಿ ಬಿಸಿಲಿಗೆ ಒಡ್ಡಿ ಕೂತಿದ್ದರೆ ಹೆಚ್ಚಾಗಿ ನೀರುಕಾಗೆ. ಮುಳುಗಿ ಮೀನು ಹಿಡಿಯುವ ಹಕ್ಕಿ ಅದು, ಗರಿ ನೆನೆಯುತ್ತದೆ, ಒಣಗಿಸಿಕೊಳ್ಳಬೇಕು. ನೀರಿನ ಮೇಲೆ ಬರೀ ಕತ್ತು ಹಾವಿನ ಹಾಗೆ ಹೋಗುತ್ತಿದ್ದರೆ ಹಾವಕ್ಕಿ. ಬೆಂಗಳೂರಿನ ಅಳಿಯ ಅದನ್ನು ಕಂಡು "ಅತ್ತೆ, ಹಾವು!" ಎಂದು ಹಿಂದೆ ಸರಿದ, ಹಾವು ರೆಕ್ಕೆ ಬಡಿದು ಮೇಲೆದ್ದಾಗ ಅವನ ಮುಖ ನೋಡಬೇಕಿತ್ತು. ದುಬಾರಿ ಕ್ಯಾಮೆರಾ ಬೇಡ, ಒಂದು ಸಾಧಾರಣ ದುರ್ಬೀನು ಇದ್ದರೆ ಬಾಯಿ ತೆರೆದ ಮರಿಗಳೂ ಕಾಣುತ್ತವೆ. ಆದರೆ ದುರ್ಬೀನು ಒಂದೇ ಇದ್ದು ಮಕ್ಕಳು ನಾಲ್ವರಿದ್ದರೆ ಜಗಳ ಖಂಡಿತ. ನೂರರವರೆಗೆ ಎಣಿಸಿ ಕೈ ಬದಲಿಸಬೇಕು ಎಂಬ ಕಾನೂನು ಮಾಡಿದ್ದೇನೆ.

ಜೋರು ಮಳೆಯ ದಿನಗಳಲ್ಲಿ ಎಲ್ಲಿಗೂ ಹೋಗುವುದು ಬೇಡ, ಊರಲ್ಲೇ ಹೊಳೆ ನೋಡಿದರಾಯಿತು. ಗಾಜನೂರು ಡ್ಯಾಮು ಸಣ್ಣದು, 3.24 ಟಿಎಂಸಿ ಅಷ್ಟೇ. ಆಗುಂಬೆ, ಶೃಂಗೇರಿ ಕಡೆ ನಾಲ್ಕು ದಿನ ಬಿಡದೆ ಹೊಯ್ದರೆ ತುಂಬಿ ಗೇಟು ತೆಗೆಯುತ್ತಾರೆ. ಆಗ ಕೋರ್ಪಲಯ್ಯನ ಛತ್ರದ ಬಳಿ ಹೊಳೆಯೊಳಗಿನ ಕಲ್ಲಿನ ಮಂಟಪ ಎಷ್ಟು ಮುಳುಗಿದೆ ಎಂಬುದೇ ಇಡೀ ಊರಿನ ಮಾತು. ನಾವು ಕೊಡೆ ಹಿಡಿದು, ಸೇತುವೆಯ ಕಟಕಟೆಯೊಳಗೆ ನಿಂತು ನೋಡುತ್ತೇವೆ. ಮಗಳು ಕಂಬ ಎಷ್ಟು ಕಾಣುತ್ತದೆ ಎಂದು ದಿನಾ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಬರೆದಿಡುತ್ತಾಳೆ. ಮಂಟಪ ಪೂರ್ತಿ ಮುಳುಗಿದ ದಿನ ಶಾಲೆಗೆ ರಜೆ ಕೊಡಬಹುದು ಎಂಬ ಆಸೆಯೂ ಅದರಲ್ಲಿದೆ.

ಹೊಳೆಗೆ ಇಳಿಯುವ ಆಸೆಗೆ ಕೂಡ್ಲಿ ಇದೆ, ತುಂಗೆ ಭದ್ರೆ ಸೇರಿ ತುಂಗಭದ್ರೆ ಆಗುವ ಜಾಗ. ಜನವರಿಯಿಂದ ಈಚೆಗೆ ನೀರು ಇಳಿದಿರುವಾಗ ಮಾತ್ರ ಹೋಗುತ್ತೇವೆ. ಮೇಲಿನಿಂದ ಯಾವ ಹೊತ್ತಿಗೆ ನೀರು ಬಿಟ್ಟಾರು ಎಂಬುದು ನಮಗೆ ಗೊತ್ತಿರುವುದಿಲ್ಲ, ಪಾಚಿ ಕಟ್ಟಿದ ಬಂಡೆ ಯಾರ ಮಾತೂ ಕೇಳುವುದಿಲ್ಲ. ಮೊಣಕಾಲಿಗಿಂತ ಮೇಲೆ ನೀರು ಬೇಡ, ದೊಡ್ಡವರೊಬ್ಬರು ಮೊಬೈಲ್ ಬ್ಯಾಗಿನೊಳಗಿಟ್ಟು ಹೊಳೆಯ ಕಡೆ ನಿಂತಿರಬೇಕು. ಕಡೆಯದನ್ನು ಗಂಡಸರಿಗೆ ಎರಡು ಸಲ ಹೇಳಬೇಕಾಗುತ್ತದೆ.

ಮಲೆನಾಡಿನಲ್ಲಿ ಮಕ್ಕಳನ್ನು ತಿರುಗಿಸುವವರು ಉಂಬಳಕ್ಕೆ (ಜಿಗಣೆಗೆ) ಹೆದರುತ್ತಾರೆ, ಉಣುಗಿಗೆ (ಉಣ್ಣೆ ಹುಳಕ್ಕೆ) ಹೆದರುವುದಿಲ್ಲ. ನನ್ನ ಪ್ರಕಾರ ಉಲ್ಟಾ ಆಗಬೇಕು. ಮಳೆಗಾಲದ ಉಂಬಳ ರಕ್ತ ಹೀರಿ ಬಿದ್ದು ಹೋಗುತ್ತದೆ, ಉಪ್ಪು ತಾಗಿಸಿದರೆ ಅಲ್ಲೇ ಬಿಡುತ್ತದೆ, ಸ್ವಲ್ಪ ಹೊತ್ತು ತುರಿಕೆ, ಅಷ್ಟೇ. ಉಣುಗು ಹಾಗಲ್ಲ. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಅದರಿಂದ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಆ ತಿಂಗಳುಗಳಲ್ಲಿ ನಾವು ಕಾಡಿನೊಳಗೆ ಕಾಲಿಡುವುದಿಲ್ಲ, ದರಗಿನ (ಉದುರಿದ ಒಣ ಎಲೆಗಳ) ಮೇಲೆ ಚಾಪೆ ಹಾಸಿ ಕೂರುವುದಿಲ್ಲ. ಮಂಗ ಸತ್ತಿದೆ ಎಂಬ ಸುದ್ದಿ ಬಂದ ಕಡೆಗಂತೂ ಹೋಗುವುದೇ ಇಲ್ಲ. ತೋಟದ ಮನೆಗೆ ಹೋಗಲೇಬೇಕಾದರೆ ತುಂಬು ತೋಳು, ಉದ್ದ ಪ್ಯಾಂಟು, ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ. ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ, ಮಕ್ಕಳು ಬಚ್ಚಲಿಗೆ. ಕಂಕುಳು, ಕಿವಿಯ ಹಿಂದೆ, ಸೊಂಟದ ಪಟ್ಟಿಯ ಜಾಗ ಕೈಯಿಂದ ತಡವಿ ನೋಡುತ್ತೇನೆ. ಕಣ್ಣಿಗೆ ಕಾಣದಷ್ಟು ಸಣ್ಣವು ಕೈಗೆ ಸಿಗುತ್ತವೆ.

ಸಾಗರ ರಸ್ತೆಯ ತ್ಯಾವರೆಕೊಪ್ಪದ ಹುಲಿ ಸಿಂಹ ಧಾಮ ಎಲ್ಲರಿಗೂ ಗೊತ್ತಿರುವುದೇ, ಮಂಗಳವಾರ ರಜೆ ಎಂಬುದನ್ನು ಮಾತ್ರ ಮರೆಯಬೇಡಿ. ಮಧ್ಯಾಹ್ನ ಹುಲಿ ಮಲಗಿರುತ್ತದೆ, ಬಸ್ಸಿನಲ್ಲಿ ನಮ್ಮ ಮಕ್ಕಳೂ ಮಲಗಿರುತ್ತಾರೆ, ಆದ್ದರಿಂದ ಬೆಳಿಗ್ಗೆಯೇ ಹೋಗಿ. ಊರೊಳಗಿನ ಶಿವಪ್ಪ ನಾಯಕನ ಅರಮನೆಗೆ ಸೋಮವಾರ ರಜೆ. ಒಳಗಿನ ಮರದ ಕಂಬಗಳಿಗಿಂತ ಅಂಗಳದಲ್ಲಿ ನಿಲ್ಲಿಸಿರುವ ವೀರಗಲ್ಲುಗಳು ಮಕ್ಕಳಿಗೆ ಇಷ್ಟ. ಕೆಳಗಿನ ಸಾಲಿನಲ್ಲಿ ಯುದ್ಧ, ಮೇಲಿನ ಸಾಲಿನಲ್ಲಿ ಸ್ವರ್ಗ, ಕೆಳಗಿನಿಂದ ಮೇಲಕ್ಕೆ ಓದಬೇಕು ಎಂದು ಒಮ್ಮೆ ತೋರಿಸಿಕೊಟ್ಟರೆ ಮುಂದಿನ ಕಲ್ಲಿನ ಕಥೆ ಅವರೇ ಕಟ್ಟುತ್ತಾರೆ, ಸತ್ತವನು ಯಾಕೆ ಸತ್ತ ಎಂಬುದರ ಸಮೇತ.

ದುಡ್ಡು ಖರ್ಚಿಲ್ಲದ ಸುತ್ತಾಟ ಬೇಕೆಂದರೆ ನನ್ನ ಆಯ್ಕೆ ತಾಳಗುಪ್ಪ ರೈಲು. ನಾವು ಚಿಕ್ಕವರಿದ್ದಾಗ ಆ ಹಳಿ ಮೀಟರ್ ಗೇಜು, ಅದರ ಮೇಲೆ ರೈಲ್‌ಬಸ್ ಓಡುತ್ತಿತ್ತು. ಈಗ ಬ್ರಾಡ್ ಗೇಜು, ಉದ್ದ ರೈಲು, ಆದರೆ ಕುಂಸಿ ದಾಟಿದ ಮೇಲಿನ ಕಾಡು ಕಿಟಕಿಗೆ ಹತ್ತಿರ ಬರುವುದು ಹಾಗೇ ಇದೆ. ಮೊದಲ ಸಲಕ್ಕೆ ಅರಸಾಳು ಸಾಕು. ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿಗೆ ಚಿತ್ರೀಕರಣ ಮಾಡಿದ ಆ ಸಣ್ಣ ಸ್ಟೇಷನ್ನಿನ ಹಳೇ ಕಟ್ಟಡವನ್ನು ರೈಲ್ವೆಯವರು 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಧಾರಾವಾಹಿ ನೋಡದ ಮಕ್ಕಳಿಗೆ ಮ್ಯೂಸಿಯಂ ಕಾಲು ಗಂಟೆಯ ವಿಷಯ, ಪ್ಲಾಟ್‌ಫಾರ್ಮ್ ಮಾತ್ರ ಎಷ್ಟು ಹೊತ್ತಿಗೂ ಮುಗಿಯದ ವಿಷಯ. ಜನ ಇಲ್ಲ, ನೂಕಾಟ ಇಲ್ಲ. ಬೆಂಗಳೂರಿನ ಮಕ್ಕಳು ಖಾಲಿ ಸ್ಟೇಷನ್ ನೋಡಿದ್ದು ಅಲ್ಲೇ ಮೊದಲು. ಎಲ್ಲ ರೈಲೂ ಅರಸಾಳಿನಲ್ಲಿ ನಿಲ್ಲುವುದಿಲ್ಲ, ಹೊರಡುವ ಮೊದಲು ವೇಳಾಪಟ್ಟಿ ನೋಡಿಕೊಳ್ಳಿ. ಕೆಲವರು ಬರುವಾಗಲೂ ರೈಲೇ ಆಗಬೇಕು ಎಂದು ಹಠ ಹಿಡಿದು ಮಕ್ಕಳನ್ನು ಹಸಿವಿನಲ್ಲಿ ಕೂರಿಸುತ್ತಾರೆ. ನಾವು ಮೊಸರನ್ನದ ಡಬ್ಬಿ ಖಾಲಿ ಮಾಡಿ, ರಿಪ್ಪನ್‌ಪೇಟೆ ಕಡೆಯಿಂದ ಬರುವ ಬಸ್ಸಿಗೆ ಕೈ ಅಡ್ಡ ಹಾಕಿ ಆಯನೂರಿನ ಮೇಲೆ ವಾಪಸ್ ಬರುತ್ತೇವೆ. ತಿರುವು ಕಡಿಮೆ, ವಾಂತಿಯ ಭಯವಿಲ್ಲ, ಡ್ರೈವರ್ ಪಕ್ಕದ ಇಂಜಿನ್ ಸೀಟು ಸಿಕ್ಕಿದರೆ ಚಿಕ್ಕವನಿಗೆ ರೈಲಿಗಿಂತ ಅದೇ ಮೇಲು.