ಸೋಗಾನೆಗೆ ಬರುವ ಜೆಟ್‌ಗಳ ಪೂರ್ವಚರಿತ್ರೆ ಹುಡುಕುವುದು

ಶಿವಮೊಗ್ಗಕ್ಕೆ ವಿಮಾನ ಬರುತ್ತದೆ ಎಂದಾಗ ನಮ್ಮ ಕಡೆ ಹೆಚ್ಚಿನವರು ಕೇಳಿದ್ದು ಟಿಕೆಟ್ ಎಷ್ಟು ಅಂತ. ನನಗಿದ್ದ ಕುತೂಹಲ, ಆ ವಿಮಾನ ಇಲ್ಲಿಗೆ ಬರುವ ಮುಂಚೆ ಎಲ್ಲೆಲ್ಲಿ ದುಡಿದಿತ್ತು ಅನ್ನುವುದು. ಸೋಗಾನೆಯ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಇಂಡಿಗೊದ ಎಟಿಆರ್ ಬಂದಿಳಿಯಿತು. ಅದು ಪ್ರೊಪೆಲರ್ ವಿಮಾನ. ಅದೇ ನವೆಂಬರ್‌ನಲ್ಲಿ ಸ್ಟಾರ್ ಏರ್ ಬ್ರೆಜಿಲ್‌ನ ಎಂಬ್ರೇಯರ್ ಕಂಪನಿ ತಯಾರಿಸಿದ ತನ್ನ ಜೆಟ್‌ಗಳೊಂದಿಗೆ ಬಂದ ಮೇಲೆ ನನ್ನ ಹುಡುಕಾಟಕ್ಕೆ ಜೀವ ಬಂತು.

ಮೊದಲ ಕೆಲಸ ಮನೆಯಲ್ಲೊಂದು ರಿಸೀವರ್ ಕೂರಿಸುವುದು. ವಿಮಾನಗಳು ತಮ್ಮ ಗುರುತು, ಎತ್ತರ, ಇರುವ ಜಾಗವನ್ನು 1090 ಮೆಗಾಹರ್ಟ್ಸ್‌ನಲ್ಲಿ ತಾವಾಗಿಯೇ ಬಿತ್ತರಿಸುತ್ತಿರುತ್ತವೆ. ಯುಎಸ್‌ಬಿ ಟಿವಿ ಡಾಂಗಲ್, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಡಂಪ್1090 ಎಂಬ ಉಚಿತ ಸಾಫ್ಟ್‌ವೇರ್, ಇಷ್ಟಿದ್ದರೆ ಹಿಡಿಯಬಹುದು. ಆಂಟೆನಾಕ್ಕೆ ಅಲೆಯ ಉದ್ದದ ಕಾಲು ಭಾಗ, ಅಂದರೆ ಸುಮಾರು 6.9 ಸೆಂಟಿಮೀಟರ್ ತಾಮ್ರದ ತಂತಿ ಸಾಕು. ಮಲೆನಾಡಿನಲ್ಲಿ ಕಷ್ಟವೆಲ್ಲ ಜಾಗದ್ದು. ಈ ತರಂಗ ಗುಡ್ಡ ದಾಟುವುದಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಮನೆ ತಗ್ಗಿನಲ್ಲಿದೆ; 35,000 ಅಡಿಯಲ್ಲಿ ಹೋಗುವ ವಿಮಾನ ದೂರದಿಂದಲೇ ಸಿಗುತ್ತದೆ, ಸೋಗಾನೆಗೆ ಇಳಿಯುವುದು ಮಾತ್ರ ಗುಡ್ಡದ ಮರೆಗೆ ಹೋದ ಕೂಡಲೇ ತಪ್ಪಿಹೋಗುತ್ತದೆ. ಮಳೆಯಲ್ಲಿ ನೆನೆದ ಅಡಕೆ ತೋಟವೂ ಸಿಗ್ನಲ್ ತಿನ್ನುತ್ತದೆ. ಅದಕ್ಕೇ ಮನೆ ಹಿಂದಿನ ಧರೆಯ ಮೇಲೆ ಜಿ.ಐ. ಪೈಪು ನೆಟ್ಟು ಆಂಟೆನಾ ಏರಿಸಿದೆ. ಕೇಬಲ್ ಉದ್ದವಾದಷ್ಟೂ ಸಿಗ್ನಲ್ ಸೊರಗುವುದರಿಂದ ಪೈಯನ್ನೂ ಅಲ್ಲೇ ಡಬ್ಬಿಯೊಳಗೆ ಇಟ್ಟೆ. ಕನೆಕ್ಟರ್‌ಗೆ ರಬ್ಬರ್ ಟೇಪ್ ಬಿಗಿಯಾಗಿ ಸುತ್ತದಿದ್ದರೆ ನಮ್ಮ ಮಳೆಗೆ ತಡೆಯದು. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಕೇಬಲ್ ಕಳಚಿಡಲೇಬೇಕು.

ರಿಸೀವರ್ ಕೊಡುವುದು ಆರು ಅಕ್ಷರದ ಒಂದು ಕೋಡ್. ಭಾರತದ ವಿಮಾನಗಳದ್ದು 80ರಿಂದ 83ರೊಳಗೆ ಶುರುವಾಗುತ್ತದೆ. ಕೋಡ್‌ನಿಂದ ‘ವಿಟಿ’ಯಲ್ಲಿ ಶುರುವಾಗುವ ನೋಂದಣಿ ಸಿಗುತ್ತದೆ. ಅದರ ಜಾಡು ಹಿಡಿದರೆ ಭಾರತದ ಗಡಿಯವರೆಗೆ ಮಾತ್ರ ಹೋಗಬಹುದು, ಏಕೆಂದರೆ ದೇಶ ಬದಲಾದರೆ ನೋಂದಣಿಯೂ ಕೋಡೂ ಎರಡೂ ಬದಲು. ಸೆಕೆಂಡ್ ಹ್ಯಾಂಡ್ ಕಾರಿನ ಚಾಸಿ ನಂಬರ್ ಹಾಗೆ, ಉಳಿಯುವುದು ಕಾರ್ಖಾನೆಯ ಸರಣಿ ಸಂಖ್ಯೆಯೊಂದೇ. ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಪ್ರಕಟಿಸುವ ನೋಂದಣಿ ಪಟ್ಟಿಯಲ್ಲಿ ಆ ಸಂಖ್ಯೆ ಇರುತ್ತದೆ. ಎಂಬ್ರೇಯರ್‌ನ ಮಾದರಿಗಳಲ್ಲಿ ಇಆರ್‌ಜೆ 145ರದ್ದು 145ರಿಂದ ಶುರು; ಇ170, ಇ175 ಎರಡಕ್ಕೂ ಸೇರಿ 170ರಿಂದ ಒಂದೇ ಸಾಲು.

ಆ ಸಂಖ್ಯೆ ಕೈಗೆ ಬಂದ ದಿನ ನನಗೆ ಹಬ್ಬ. ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ದಾಖಲೆಯಲ್ಲಿ ಸರಣಿ ಸಂಖ್ಯೆ ಹಾಕಿಯೇ ಹುಡುಕಬಹುದು, ರದ್ದಾದ ನೋಂದಣಿಯೂ ಸಿಗುತ್ತದೆ. ಬ್ರಿಟನ್ನಿನ ನೋಂದಣಿ ದಾಖಲೆ ಜಿ-ಇನ್ಫೋದಲ್ಲೂ ಹಳೆಯ ನೋಂದಣಿಗಳಿವೆ. ಎರಡು ದಾಖಲೆಗಳ ನಡುವೆ ತಿಂಗಳುಗಟ್ಟಲೆ ಖಾಲಿ ಕಂಡರೆ ವಿಮಾನ ಎಲ್ಲೋ ನಿಂತಿತ್ತೇ ಎಂದು ನೋಡುತ್ತೇನೆ. 2020ರಲ್ಲಿ ಹೀಗೆ ನಿಂತವು ಬಹಳ. ಇ175ಗಳನ್ನು ಹಾರಿಸುತ್ತಿದ್ದ ಬ್ರಿಟನ್ನಿನ ಫ್ಲೈಬಿ ಆ ವರ್ಷದ ಮಾರ್ಚ್‌ನಲ್ಲಿ ಬಾಗಿಲು ಹಾಕಿತು. ಹಾರಿಸುವ ಕಂಪನಿ ಮುಳುಗಿದರೂ ಬಾಡಿಗೆಗೆ ಕೊಟ್ಟ ಮಾಲೀಕ ಬೇರೆಯವನಾದ್ದರಿಂದ ವಿಮಾನ ಹೊಸ ಬಣ್ಣ ಬಳಿಸಿಕೊಂಡು ಬೇರೆ ದೇಶಕ್ಕೆ ಹೋಗುತ್ತದೆ.

ನೋಡಿ ಗುರುತಿಸುವುದು ಸುಲಭ: 50 ಸೀಟಿನ ಇಆರ್‌ಜೆ 145ಕ್ಕೆ ಎಂಜಿನ್ ಬಾಲದ ಹತ್ತಿರ, ಇ175ಕ್ಕೆ ರೆಕ್ಕೆಯ ಕೆಳಗೆ. ಇಆರ್‌ಜೆ 145 ಮೊದಲು ಹಾರಿದ್ದು 1995ರ ಆಗಸ್ಟ್‌ನಲ್ಲಿ, ಬ್ರೆಜಿಲ್‌ನಲ್ಲಿ. ಬೆನ್ನ ಮೇಲೆ ರೇಡಾರ್ ಹೊತ್ತ ನಮ್ಮ ವಾಯುಪಡೆಯ ಕಣ್ಗಾವಲು ವಿಮಾನ ‘ನೇತ್ರ’ವನ್ನು ಕಟ್ಟಿರುವುದು ಇದೇ ಮಾದರಿಯ ಮೇಲೆ. ನನಗದು ಹೆಮ್ಮೆಯ ವಿಷಯ.

“ಇದು ಹಳೇ ವಿಮಾನ ಅಂತಲ್ಲ ಮಾರಾಯ್ರೇ, ಹತ್ತಬಹುದಾ?” ಎಂದು ನೆಂಟರು ಕೇಳುತ್ತಾರೆ. ತಯಾರಾದ ವರ್ಷ ಒಂದನ್ನೇ ಹೇಳಿ ಸುಮ್ಮನಾಗಲು ನನಗೆ ಮನಸ್ಸಾಗುವುದಿಲ್ಲ. ವಿಮಾನದ ವಯಸ್ಸನ್ನು ವರ್ಷದ ಜೊತೆಗೆ ಹಾರಿದ ಗಂಟೆ ಮತ್ತು ಸೈಕಲ್‌ನಲ್ಲೂ ಅಳೆಯುತ್ತಾರೆ. ಒಮ್ಮೆ ಏರಿ ಇಳಿದರೆ ಒಂದು ಸೈಕಲ್. ಪ್ರತಿ ಸಲವೂ ಒಳಗಿನ ಗಾಳಿಯ ಒತ್ತಡಕ್ಕೆ ಒಡಲಿನ ತಗಡು ಹಿಗ್ಗಿ ಕುಗ್ಗುತ್ತದೆ, ಲೋಹ ದಣಿಯುತ್ತದೆ. 1988ರಲ್ಲಿ ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737ರ ಮುಂಭಾಗದ ಮಾಡು ಆಕಾಶದಲ್ಲೇ ಕಿತ್ತುಹೋಯಿತು. ಅದು ಹಾರಿದ್ದು 35,496 ಗಂಟೆ, ಸೈಕಲ್ 89,680. ದ್ವೀಪದಿಂದ ದ್ವೀಪಕ್ಕೆ ಅರ್ಧ ಗಂಟೆಯೂ ಇಲ್ಲದ ಹಾರಾಟಗಳು, ಮೇಲಿಂದ ಉಪ್ಪುಗಾಳಿ. ವಯಸ್ಸಾದ ವಿಮಾನಗಳ ಒಡಲಿನ ತಪಾಸಣೆ ಬಿಗಿಯಾದದ್ದು ಆ ಮೇಲೆ. ಊರೂರು ಮುಟ್ಟುವ ಪುಟ್ಟ ಜೆಟ್‌ಗೂ ಗಂಟೆಯ ಲೆಕ್ಕಕ್ಕೆ ಸೈಕಲ್ ಬೇಗ ಏರುತ್ತದೆ. ಹಾಗಾಗಿ ದೂರದ ಮಾರ್ಗದಲ್ಲಿ ದುಡಿದ ಹಳೆಯ ವಿಮಾನದ ಒಡಲು, ದಿನವಿಡೀ ಏರಿ ಇಳಿದ ಹೊಸದಕ್ಕಿಂತ ಕಡಿಮೆ ದಣಿದಿರಬಹುದು.

ಸೈಕಲ್‌ನ ನಿಖರ ಲೆಕ್ಕ ಇರುವುದು ನಿರ್ವಹಣೆಯ ಕಡತದಲ್ಲಿ, ಸಾರ್ವಜನಿಕ ಪಟ್ಟಿಗಳಲ್ಲಿ ಅಲ್ಲ. ಎಂಜಿನ್‌ನ ತಿರುಗುವ ಬಿಲ್ಲೆಗಳಂಥ ಆಯುಸ್ಸು ಗೊತ್ತುಮಾಡಿದ ಭಾಗಗಳಿಗಂತೂ ಹುಟ್ಟಿದಂದಿನಿಂದ ಕಾಗದ ಇರಬೇಕು. ಕಾಗದ ಕಳೆದರೆ ಭಾಗ ಗಟ್ಟಿಯಾಗಿದ್ದರೂ ಬಳಸುವಂತಿಲ್ಲ. ಎಂಜಿನ್, ಲ್ಯಾಂಡಿಂಗ್ ಗೇರ್ ಒಂದು ವಿಮಾನದಿಂದ ಬಿಚ್ಚಿ ಇನ್ನೊಂದಕ್ಕೆ ಹೋಗುತ್ತಿರುತ್ತವೆ. ಆದ್ದರಿಂದ ನನ್ನ ಪುಸ್ತಕದಲ್ಲಿ ಒಡಲಿನ ಕತೆಯನ್ನು ಮಾತ್ರ ಬರೆಯುತ್ತೇನೆ: ಸರಣಿ ಸಂಖ್ಯೆ, ತಯಾರಾದ ವರ್ಷ, ಒಂದೊಂದು ದೇಶದ ನೋಂದಣಿ, ನಿಂತಿದ್ದ ಕಾಲ, ಕೊನೆಯಲ್ಲಿ ಸೋಗಾನೆಗೆ ಬಂದ ತಾರೀಕು.