ನಾಟಕಕ್ಕೊಂದು ತ್ರೀ ನಾಟ್ ತ್ರೀ

ಸ್ವಾತಂತ್ರ್ಯ ಹೋರಾಟದ ನಾಟಕ ಹಿಡಿದ ತಂಡಕ್ಕೆ ನಾಲ್ಕು ಬಂದೂಕಾದರೂ ಬೇಕೇ ಬೇಕು. ಮಾಡಲು ಹೊರಟ ಹುಡುಗರು ಮೊದಲು ಓಡುವುದು ಬೆಂಗಳೂರಿನ ಎಸ್.ಪಿ. ರಸ್ತೆಗೆ, ನಳಿಗೆಗೆಂದು ಪೈಪ್ ತರಲು. ಎಡವುವುದೂ ಅಲ್ಲೇ. ಬ್ರಿಟಿಷ್ ಸೇನೆ 1907ರಲ್ಲಿ ಬಳಕೆಗೆ ತಂದ ಮಾರ್ಕ್ 3 ಲೀ ಎನ್‌ಫೀಲ್ಡ್‌ನಲ್ಲಿ, ಅಂದರೆ ತ್ರೀ ನಾಟ್ ತ್ರೀ (.303) ಬಂದೂಕಿನಲ್ಲಿ, ಮರದ ಹೊದಿಕೆ ಹೆಚ್ಚುಕಡಿಮೆ ಮೂತಿಯವರೆಗೂ ಇರುತ್ತದೆ. ನಳಿಗೆ ಹೊರಗೆ ಇಣುಕುವುದು ಬೆರಳ ತುದಿಯಷ್ಟು. ಪ್ರೇಕ್ಷಕನಿಗೆ ಕಾಣುವುದೆಲ್ಲ ಮರ. ಹಾಗಾಗಿ ಮೊದಲ ಬಸ್ಸು ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಗೆ.

ಅದಕ್ಕೂ ಮುಂಚೆ ಒಂದು ಮಾತು. ಗುಜರಿಯಲ್ಲಿ ಯಾರಾದರೂ ‘ಅಸಲಿ ಬೋಲ್ಟ್ ಇದೆ ಸಾರ್’ (ಗುಂಡು ತುಂಬಲು ಹಿಂದಕ್ಕೆಳೆಯುವ ಬಂದೂಕಿನ ಚಿಲಕ) ಎಂದರೆ ನಿಲ್ಲದೆ ನಡೆಯಿರಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೆಕ್ಕದಲ್ಲಿ ಬಂದೂಕಿನ ಬಿಡಿಭಾಗವೂ ಶಸ್ತ್ರಾಸ್ತ್ರವೇ. ನಮ್ಮದು ಗುಂಡು ಹಾರದ, ಹಾರಿಸಲು ಬರದ ಮರದ ಕೊರಡು. ಹಾಗೆಯೇ ಇರಲಿ.

ಅಸಲಿಯ ಉದ್ದ ಸುಮಾರು 44.5 ಅಂಗುಲ. ಪಕ್ಕದಿಂದ ತೆಗೆದ ಒಂದು ಚಿತ್ರವನ್ನು ಮನೆ ನಕ್ಷೆ ಮುದ್ರಿಸುವ ಅಂಗಡಿಯಲ್ಲಿ ಅದೇ ಅಳತೆಗೆ ಹಿಗ್ಗಿಸಿ ಮುದ್ರಿಸಿಕೊಂಡು, ರಟ್ಟಿಗೆ ಅಂಟಿಸಿ ಕತ್ತರಿಸಿ. ಅಚ್ಚು ಸಿದ್ಧ.

ಈಗ ಮರ. ಅಸಲಿಯದು ಅಕ್ರೋಟ್, ನಮಗೆ ಸಿಲ್ವರ್ ಓಕ್ ಸಾಕು, ತೇಗದ ತುಂಡು ಸಿಕ್ಕರೆ ಇನ್ನೂ ಒಳ್ಳೆಯದು. ಪ್ಲೈವುಡ್ ಬೇಡವೇ ಬೇಡ, ಎಷ್ಟು ಬಣ್ಣ ಬಳಿದರೂ ಅಂಚಿನ ಪದರಗಳು ದೀಪದ ಬೆಳಕಿನಲ್ಲಿ ಹಲ್ಲು ಕಿರಿಯುತ್ತವೆ. ಎರಡು ಅಂಗುಲ ದಪ್ಪದ ಹಲಗೆ ಕೇಳಿ. ಅದರ ಮೇಲೆ ಒದ್ದೆ ಬಟ್ಟೆ ಎಳೆದರೆ ಮರದ ಎಳೆಗಳು ಎದ್ದು ಕಾಣುತ್ತವೆ. ಅಂಗಡಿಯವರು ಗೊಣಗಿದರೆ ಗೊಣಗಲಿ.

ಬಂದೂಕು ಮುರಿಯುವುದು ಯಾವಾಗಲೂ ಕುತ್ತಿಗೆಯಲ್ಲಿ, ಕುದುರೆಯ (ಟ್ರಿಗರ್) ಹಿಂದೆ ಕೈ ಹಿಡಿಯುವ ಸಣ್ಣ ಜಾಗದಲ್ಲಿ. ಹೆಗಲಿಗೆ ಒತ್ತುವ ಹಿಂದಿನ ಮರ, ಅಂದರೆ ಬಟ್, ಅಲ್ಲಿಂದ ಕೆಳಕ್ಕೆ ಬಾಗುತ್ತದೆ. ಇಡೀ ಬಂದೂಕನ್ನು ಒಂದೇ ಹಲಗೆಯಲ್ಲಿ ಕೊಯ್ದರೆ ಎಳೆಗಳು ಕುತ್ತಿಗೆಯನ್ನು ಓರೆಯಾಗಿ ದಾಟುತ್ತವೆ. ನಾನು ನೋಡಿದ ಒಂದು ಪ್ರದರ್ಶನದಲ್ಲಿ ದಫೇದಾರನ ಪಾತ್ರಧಾರಿ ಬಟ್ಟನ್ನು ನೆಲಕ್ಕೆ ಕುಟ್ಟಿದ್ದೇ ತಡ, ಅದು ಲಟಕ್ಕನೆ ಮುರಿದು ಹೆಣದ ಪಕ್ಕಕ್ಕೆ ಉರುಳಿತು. ಹೆಣವೂ ನಕ್ಕಿತು.

ಇದಕ್ಕೆ ಪರಿಹಾರ ಅಸಲಿಯಲ್ಲೇ ಇದೆ. ಲೀ ಎನ್‌ಫೀಲ್ಡ್‌ನ ಬಟ್ ಬೇರೆ ತುಂಡು, ಮುಂದಿನ ಮರ ಬೇರೆ ತುಂಡು. ಬಟ್ಟಿನ ಹೊಟ್ಟೆಯೊಳಗೆ ಹಾದುಹೋಗುವ ಉದ್ದನೆಯ ಬೋಲ್ಟ್ ಅದನ್ನು ಲೋಹದ ಭಾಗಕ್ಕೆ ಬಿಗಿಯುತ್ತದೆ. ನೀವೂ ಎರಡು ತುಂಡು ಮಾಡಿ. ಎಳೆಗಳು ಕುತ್ತಿಗೆಯ ಉದ್ದಕ್ಕೇ ಹರಿಯುವಂತೆ ಅಚ್ಚನ್ನು ತಿರುಗಿಸಿ ತಿರುಗಿಸಿ ಇಟ್ಟು ಗೆರೆ ಎಳೆಯಿರಿ. ಕುತ್ತಿಗೆಯಲ್ಲಿ ಗಂಟು ಬಂದರೆ ಹಲಗೆ ಬದಲಿಸಿ. ಆಕಾರ ಕೊಯ್ಯುವ ಮೊದಲೇ, ಬಟ್ಟಿನ ತುಂಡು ಚೌಕವಾಗಿರುವಾಗಲೇ, ಉದ್ದ ಬೈರಿಗೆಯಿಂದ ತೂತು ಕೊರೆಯಿರಿ. ಎರಡೂ ತುದಿಯಲ್ಲಿ ನಡುವನ್ನು ಗುರುತಿಸಿ, ಅರ್ಧ ಆ ಕಡೆಯಿಂದ, ಅರ್ಧ ಈ ಕಡೆಯಿಂದ. ಒಂದೇ ಕಡೆಯಿಂದ ಕೊರೆದರೆ ತೂತು ದಾರಿ ಬಿಟ್ಟು ಪಕ್ಕೆಯಲ್ಲಿ ಹೊರಬರುತ್ತದೆ. ಒಳಗೆ ಎರಡೂ ತುಂಡನ್ನು ಬಿಗಿಯಲು 10 ಮಿ.ಮೀ. ತಿರುಪಿನ ಮರೆಯಿರುವ ಸರಳು, ಎರಡು ಕಡೆ ವಾಷರ್, ನಟ್. ‘ಅಂಟು ಹಾಕಿದ್ದೇವಲ್ಲ, ಸಾಕು’ ಎನ್ನುವವರು ಒಮ್ಮೆ ಕುಟ್ಟಿ ನೋಡಲಿ.

ನಳಿಗೆಗೆ ಮನೆ ಕಟ್ಟಿ ಉಳಿದ 16 ಮಿ.ಮೀ. ಕಂಬಿ ಇರಲಿ. ಟೊಳ್ಳು ಪೈಪ್ ಕಂಡರೆ ಪೊಲೀಸರಿಗೆ ಸಂಶಯ, ಘನ ಕಂಬಿಗೆ ಆ ತಕರಾರಿಲ್ಲ. ಮುಂದಿನ ಮರದಲ್ಲಿ ಉದ್ದಕ್ಕೆ ಕಾಲುವೆ ತೋಡಿ 25 ಅಂಗುಲ ಹುದುಗಿಸಿದರೆ ಒಂದು ಕಿಲೋ ತೂಕವೂ ಬರುತ್ತದೆ. ಅಸಲಿ ನಾಲ್ಕು ಕಿಲೋ ಇದ್ದದ್ದು. ತೂಕವಿಲ್ಲದ ಬಂದೂಕನ್ನು ನಟರು ಕೊಡೆಯಂತೆ ಹಿಡಿಯುತ್ತಾರೆ. ಹೊರಗೆ ಕಾಣುವ ತುದಿಯನ್ನು ಅರದಿಂದ ನುಣುಪು ಮಾಡಿ.

ಈಗ ಎಸ್.ಪಿ. ರಸ್ತೆಗೆ ಹೋಗಬಹುದು. ಬಂದೂಕಿನ ಬೋಲ್ಟ್ ಆಗಿ ಆರಂಗುಲದ ಕಬ್ಬಿಣದ ಟವರ್ ಬೋಲ್ಟ್ ತನ್ನಿ, ಬಾಗಿಲ ಚಿಲಕ ಅಷ್ಟೇ. ಅಲ್ಯೂಮಿನಿಯಂ ಬೇಡ, ಅದಕ್ಕೆ ಸದ್ದಿಲ್ಲ. ಚಿಲಕದ ಹಿಡಿಗೆ ಡ್ರಾಯರಿನ ದುಂಡು ಗುಬುಟು ಸಿಕ್ಕಿಸಿ ಎಳೆದರೆ ‘ಖಟಕ್’ ಎಂಬ ದನಿ ಕೊನೆಯ ಸಾಲಿಗೂ ಕೇಳುತ್ತದೆ. ಕುದುರೆಯ ಕಾವಲಿಗೆ ಬಾಗಿಸಿದ ಕಬ್ಬಿಣದ ಪಟ್ಟಿ, ಗುಂಡು ತುಂಬುವ ಪೆಟ್ಟಿಗೆಗೆ (ಮ್ಯಾಗಜಿನ್) ಮರದ ತುಂಡು. ಹೆಗಲ ಪಟ್ಟಿಗೆ ಚಿಕ್ಕಪೇಟೆಯ ಕಡೆ ಒಂದೂಕಾಲು ಅಂಗುಲದ ಹತ್ತಿಯ ನವಾರು. ಚಹದ ಡಿಕಾಕ್ಷನ್‌ನಲ್ಲಿ ಒಂದು ರಾತ್ರಿ ನೆನೆಸಿದರೆ ಹಳತಾಗುತ್ತದೆ. ನೈಲಾನ್ ಬೇಡ.

ಉಪ್ಪು ಕಾಗದ ಹಾಕಿದ ಮೇಲೆ ಮರಕ್ಕೆ ಅಗಸೆ ಎಣ್ಣೆ, ಮೂರು ನಾಲ್ಕು ಕೈ. ಹೊಳಪಿನ ವಾರ್ನಿಷ್ ಬಳಿದ ಬಂದೂಕು ಸೋಫಾದ ಕಾಲಿನಂತೆ ಕಾಣುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದು, ಹರವಿ ಒಣಗಿಸಿ. ಲೋಹಕ್ಕೆ ಕಪ್ಪು ಹಲಗೆಯ ಬಣ್ಣ, ಮೇಲೆ ಪೆನ್ಸಿಲ್ ಸೀಸದ ಪುಡಿ ತಿಕ್ಕಿ.

ರಂಗಮಂದಿರಕ್ಕೆ ಒಯ್ಯುವಾಗ ಹಳೆಯ ಹೊದಿಕೆಯಲ್ಲಿ ಸುತ್ತಿ, ಹತ್ತಿರದ ಠಾಣೆಗೆ ಒಂದು ಚೀಟಿ ಕೊಟ್ಟಿರಿ. ಮೆಟ್ರೋ ಬೇಡ, ಚೀಲ ತಪಾಸಣೆಯಲ್ಲೇ ನಾಟಕ ಶುರುವಾಗುತ್ತದೆ. ಆಟೋ ಹಿಡಿಯಿರಿ.